ಯಾವ ಮೆತ್ತಗೆ ಎಂದು ಕೇಳಿದವರು

ಹಳೆಯ ಕಾರುಗಳ ಬ್ರೇಕ್ ಸರಿಪಡಿಸಬಲ್ಲವರು ನಮ್ಮ ಊರಿನಲ್ಲಿ ಹಲವರಿದ್ದಾರೆ. ಸರಿಪಡಿಸಿದ ಬ್ರೇಕನ್ನೂ ನಂಬದಿರುವುದನ್ನು ಒಂದು ವಿದ್ಯೆಯಾಗಿ ಬೆಳೆಸಿದವರು ಒಬ್ಬರೇ. ಮೂವತ್ತೆಂಟು ವರ್ಷಗಳ ದುಡಿಮೆಯ ಬಳಿಕ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ವರ್ಕ್‌ಶಾಪಿನ ಹಿರಿಯರನ್ನು ನಾವೆಲ್ಲ ಬೆನ್ನ ಹಿಂದೆ ‘ಅನುಮಾನದ ಮೇಸ್ತ್ರಿ’ ಎನ್ನುತ್ತಿದ್ದೆವು. ಅದು ಅವರ ಕಿವಿಗೂ ಬಿದ್ದಿತ್ತೆಂಬ ಅನುಮಾನ ನನಗಿದೆ.

ಲಾರಿ ಶೆಡ್ಡಿನಲ್ಲಿ ಚಕ್ರ ಬಿಚ್ಚುತ್ತಾ ಆರಂಭಿಸಿದ ಅವರು ಹನ್ನೊಂದು ವರ್ಷಗಳಲ್ಲಿ ಬ್ರೇಕ್ ವಿಭಾಗದ ಹೊಣೆ ಹೊತ್ತರು. ಯಾರಾದರೂ ಬಂದು ಪೆಡಲ್ ಮೆತ್ತಗಾಗಿದೆ ಎಂದರೆ ಅವರು ಕಾರಿನ ಕಡೆ ನೋಡುತ್ತಲೇ ಇರಲಿಲ್ಲ, “ಮೆತ್ತಗೆ ಅಂದ್ರೆ ಯಾವ ಮೆತ್ತಗೆ?” ಎಂದು ಕೇಳಿ ಬಂದವರ ಮುಖ ನೋಡುತ್ತಿದ್ದರು. ನಾಲ್ಕು ಸಲ ತುಳಿದಾಗ ಮೇಲೆದ್ದು ಗಟ್ಟಿಯಾದರೆ ಬ್ರೇಕ್ ಎಣ್ಣೆಯ ಕೊಳವೆಯೊಳಗೆ ಗಾಳಿ. ಕಾಲಿಟ್ಟೇ ಇದ್ದಾಗ ನಿಧಾನವಾಗಿ ಕುಸಿದರೆ ಎಣ್ಣೆಯನ್ನು ಒತ್ತಿ ಕಳಿಸುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದಿದೆ. ಇದನ್ನು ತಿಳಿಯಲು ಅವರು ಪೆಡಲಿನ ಮೇಲೆ ಪಾದವಿಟ್ಟು, ಕಣ್ಣು ಮುಚ್ಚಿ, ಒಂದು ಮಾತೂ ಆಡದೆ ಐದು ನಿಮಿಷ ಕೂರುತ್ತಿದ್ದರು. ಆ ಮೌನದೊಳಗೆ ಅವರಿಗೆ ಏನೆಲ್ಲ ತಿಳಿಯುತ್ತಿತ್ತೋ ಎಂದು ನಾನು ಹೊರಗೆ ನಿಂತು ಬೆವರುತ್ತಿದ್ದೆ.

ಹತ್ತೊಂಬತ್ತು ವರ್ಷಗಳ ಹಿಂದೆ ಭೌತಶಾಸ್ತ್ರದ ಪದವಿ ಹಿಡಿದು, ಬೇರೆಲ್ಲೂ ಕೆಲಸ ಸಿಗದೆ ಇಲ್ಲಿಗೆ ಬಂದವನು ನಾನು. ಮೂರು ತಿಂಗಳ ಪರೀಕ್ಷೆಯ ಅವಧಿ. ಒಂದು ತಪ್ಪಾದರೆ ಮನೆಗೆ ಹೋಗಬೇಕು ಎಂದು ಮಾಲೀಕರು ಮೊದಲೇ ಹೇಳಿದ್ದರು. ಆ ಅವಧಿಯ ಕೊನೆಯ ವಾರ, ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವ ಸೂಲಗಿತ್ತಿಯಮ್ಮನೊಬ್ಬರ ಇಪ್ಪತ್ತು ವರ್ಷ ಹಳೆಯ ಕಾರು ಬಂತು. ಮುಂದಿನ ಎರಡೂ ಚಕ್ರಗಳನ್ನು ಹಿಡಿದು ನಿಲ್ಲಿಸುವ ಕ್ಯಾಲಿಪರ್ ಬಿಚ್ಚಿ, ತೊಳೆದು, ಹೊಸ ರಬ್ಬರ್ ಹಾಕಿ ನಾನು ಮೇಜಿನ ಮೇಲಿಟ್ಟೆ. ಎಡದ್ದು ಇದು, ಬಲದ್ದು ಇದು ಎಂದು ತೋರಿಸಿದೆ. ಮೇಸ್ತ್ರಿಗಳು ಎತ್ತಿಕೊಂಡು ಕೂರಿಸಿದರು.

ಮರುದಿನವೇ ಆಕೆ ಮರಳಿದರು. “ಹತ್ತಿ ಮೂಟೆ ತುಳಿದ ಹಾಗಿದೆ ಕಣಪ್ಪಾ. ನಾನು ಹೆರಿಗೆ ಮಾಡಿಸೋಕೆ ಹೋಗೋಳು, ನನ್ನನ್ನೇ ಆಸ್ಪತ್ರೆಗೆ ಹಾಕ್ತೀರಾ?”

ಮೂರು ಬಾರಿ ಗಾಳಿ ತೆಗೆದೆವು. ಕಾರು ಮೂರು ಬಾರಿಯೂ ವಾಪಸ್ ಬಂತು. ಮಾಲೀಕರ ದೃಷ್ಟಿ ನನ್ನ ಮೇಲೆ ನೆಟ್ಟಿತು. “ಈ ಡಿಗ್ರಿ ಮಹಾಶಯ ಏನೋ ಎಡವಟ್ಟು ಮಾಡಿದಾನೆ. ಸುಮ್ನೆ ಮಾಸ್ಟರ್ ಸಿಲಿಂಡರ್ ಬದಲಾಯಿಸಿ ಕಳಿಸ್ರಿ.” ಮೇಸ್ತ್ರಿಗಳು ಕಾರಿನಲ್ಲಿ ಕೂತು ಪೆಡಲಿನ ಮೇಲೆ ಕಾಲಿಟ್ಟು ಕಣ್ಣು ಮುಚ್ಚಿದರು. ಎಷ್ಟು ಹೊತ್ತು ಒತ್ತಿ ಹಿಡಿದರೂ ಪೆಡಲ್ ಕೂದಲೆಳೆಯಷ್ಟೂ ಕುಸಿಯಲಿಲ್ಲ. “ಸಿಲಿಂಡರ್ ಮುಟ್ಟಲ್ಲ. ಗಾಳಿ ಒಳಗೇ ಇದೆ,” ಎಂದು ಇಳಿದು ಚಕ್ರದ ಪಕ್ಕ ಮಲಗಿ ಟಾರ್ಚ್ ಬಿಟ್ಟವರು ಬಹಳ ಹೊತ್ತು ಏಳಲಿಲ್ಲ. ಆಮೇಲೆ ನನ್ನನ್ನು ಕರೆದರು.

“ಗಾಳಿ ಯಾವ ಕಡೆ ಹೋಗ್ತದೆ?”

“ಮೇಲಕ್ಕೆ, ಗುರುಗಳೇ.”

“ಅದರ ಬಾಗಿಲು ಎಲ್ಲಿದೆ ನೋಡು. ಕಾಲೇಜಲ್ಲಿ ಇಷ್ಟು ಹೇಳ್ಕೊಟ್ಟಿದ್ರಲ್ಲ?”

ಮೇಲಿರಬೇಕಾದ ಗಾಳಿ ಬಿಡುವ ನಿಪ್ಪಲ್ ಕೆಳಗಿತ್ತು. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕೂತಿದ್ದವು. ಕೆಳಗಿನಿಂದ ಎಷ್ಟು ಎಣ್ಣೆ ಹೊರಬಿಟ್ಟರೇನು, ಮೇಲೆ ಸೇರಿಕೊಂಡ ಗಾಳಿ ಅಲ್ಲೇ ಇತ್ತು. ಮೇಜಿನ ಮೇಲೆ ಅದಲು ಬದಲು ಮಾಡಿದವನು ನಾನು. ಅದು ನನಗೆ ಆ ಕ್ಷಣವೇ ಗೊತ್ತಾಯಿತು.

ಮಾಲೀಕರು ಬಂದು ಯಾರ ಕೆಲಸ ಎಂದು ಕೇಳಿದಾಗ ಮೇಸ್ತ್ರಿಗಳು ಕೈ ಒರೆಸಿಕೊಳ್ಳುತ್ತಾ, “ನಂದು,” ಎಂದರು. ನಾನು ಬಾಯಿ ಬಿಡಲಿಲ್ಲ. ಮುಂದಿನ ವಾರ ನನ್ನ ಕೆಲಸ ಖಾಯಂ ಆಯಿತು.

ಅಂದಿನಿಂದ ಅವರ ಪ್ರತಿಯೊಂದು ಮೌನವನ್ನೂ ನಾನು ಅನುಮಾನಿಸಿದ್ದೇನೆ. ನನ್ನ ತಾಯಿಯ ಕಾಯಿಲೆಯಲ್ಲಿ ನನ್ನ ಪಾಲಿನ ಕೆಲಸವನ್ನು ಎರಡು ವಾರ ಅವರೇ ಮಾಡಿದಾಗಲೂ, ತಮ್ಮ ಹತಾರದ ಪೆಟ್ಟಿಗೆಯ ಬೀಗದ ಕೈಯನ್ನು ನನಗೊಬ್ಬನಿಗೇ ಒಪ್ಪಿಸಿದಾಗಲೂ, ಇವರಿಗೆ ಗೊತ್ತಿದೆ, ನಾನೇ ಹೇಳಲೆಂದು ಕಾಯುತ್ತಿದ್ದಾರೆ ಎಂದುಕೊಂಡೆ. ಅವರ ‘ನಂದು’ ಎಂಬ ಮಾತನ್ನು ದೊಡ್ಡ ಮನಸ್ಸಿನ ಸುಳ್ಳೆಂದು ಬಗೆದು, ಆ ಋಣದ ಭಾರದಲ್ಲೇ ಬದುಕಿದೆ.

ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಗ್ರಂಥಕ್ಕೆ ಲೇಖನ ಕೊಡುವ ಮೊದಲು ಕಳೆದ ವಾರ ಅವರೆದುರು ಕೂತು ಎಲ್ಲವನ್ನೂ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ಸುಳ್ಳು ಯಾಕೆ ಹೇಳ್ಲಿ? ನೀನು ಇದು ಎಡದ್ದು ಅಂದೆ. ನಾನು ತಿರುಗಿಸಿ ನೋಡದೆ ಕೂರಿಸಿದೆ. ಅವತ್ತೊಂದು ದಿನ ನಂಬಿಬಿಟ್ಟೆ ಕಣೋ. ತಪ್ಪು ನಂದೇ.”

ಗುರುಗಳಿಗೆ ದೀರ್ಘಾಯುಷ್ಯವೂ ಗಟ್ಟಿ ಕಾಲುಗಳೂ ಇರಲಿ. ನಮ್ಮ ಶೆಡ್ಡಿಗೆ ಆಗಾಗ ಬಂದು ನಾವು ಸರಿಯಾಗಿದೆ ಎಂದದ್ದನ್ನೆಲ್ಲ ಇನ್ನೊಮ್ಮೆ ತುಳಿದು ನೋಡುತ್ತಿರಲಿ. ಒಂದು ಬೇಡಿಕೆ ಮಾತ್ರ ಉಳಿದಿದೆ: ನನ್ನನ್ನು ಇನ್ನು ಮುಂದೆಯೂ ನಂಬದಿರಲಿ.