ಮಾಷ್ಟ್ರಿಗೆ ಕಟ್ಟಿದ ನೀಲಿ ಬೆಲ್ಟು

ಮೂಡುಬಿದಿರೆಯ ನಮ್ಮ ಜಿಯು-ಜಿತ್ಸು ತರಗತಿಯಲ್ಲಿ ನನ್ನ ಬಿಳಿ ಬೆಲ್ಟು ಬಿಚ್ಚಿಸಿ ಅದರ ಮೇಲಿನ ದರ್ಜೆಯ ನೀಲಿ ಕಟ್ಟಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯೇ ನನಗೆ ಸರಿಕಾಣಲಿಲ್ಲ. ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗೆ ತಟ್ಟುತ್ತಾರಲ್ಲ, ಹಾಗಿತ್ತು. ಮನೆಯಲ್ಲಿ ಹೆಂಡತಿ ಬೆಲ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಶಾಲು ಹೊದಿಸ್ಲಿಲ್ವಾ? ಹಣ್ಣಿನ ಬುಟ್ಟಿ ಎಲ್ಲಿ?" ಅಂದಳು.

ಅವಳು ಅಂದದ್ದು ತಮಾಷೆಗೆ. ನನಗೆ ಮಾತ್ರ ಅದು ನೇರ ಎದೆಗೇ ನಾಟಿತು. ನಾನು ಹೈಸ್ಕೂಲು ಮಾಷ್ಟ್ರು, ಐವತ್ತು ದಾಟಿದವನು. ಕೋಚ್ ಬೆಳ್ತಂಗಡಿ ಕಡೆಯವನು, ನನ್ನ ಹಳೆಯ ವಿದ್ಯಾರ್ಥಿ. ತರಗತಿಯ ಅರ್ಧಕ್ಕರ್ಧ ಮಂದಿ ನನ್ನ ಹತ್ತಿರ ಗಣಿತ ಕಲಿತವರೇ. ಈ ಆಟದಲ್ಲಿ ಹೊಡೆತವಿಲ್ಲ. ಎದುರಾಳಿಯನ್ನು ನೆಲಕ್ಕೆ ಕೆಡವಿ ಕೈಯನ್ನೋ ಕುತ್ತಿಗೆಯನ್ನೋ ಬಿಗಿಯಬೇಕು, ತಾಳಲಾರದವನು ಕೈಯಿಂದ ತಟ್ಟಿ ಸೋಲೊಪ್ಪಬೇಕು. ನಮ್ಮವರೋ, ಆಟಕ್ಕೆ ಇಳಿಯುವ ಮೊದಲು ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕರಿಸುತ್ತಾರೆ! ಬೈದು ಬೈದು ನನ್ನ ಗಂಟಲು ಒಣಗಿದ್ದೇ ಬಂತು. ಕಾಲು ಮುಟ್ಟಿದವನು ಮರುಕ್ಷಣ ಅದೇ ಕಾಲನ್ನು ತಿರುಚಿಯಾನೇ?

ಬೇಕೆಂದೇ ಸೋಲುತ್ತಾರೆ ಎಂದು ಆಮೇಲೆ ನನಗೆ ಎಲ್ಲರ ಮೇಲೂ ಗುಮಾನಿ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬನಿದ್ದಾನೆ, ಎತ್ತಿನಂಥ ಕುತ್ತಿಗೆ. ನಾನು ಕೈ ಸುತ್ತುವಷ್ಟರಲ್ಲಿ ತಟ್ಟಿಬಿಟ್ಟ. ತಟ್ಟಿದ್ದಲ್ಲದೆ, "ನಿಮ್ಗೆ ನೋವಾಯ್ತಾ ಸರ್?" ಎಂದು ಬೇರೆ ಕೇಳಿದ. ಸೋತವನು ಗೆದ್ದವನಿಗೆ ಕೇಳುವ ಮಾತಾ ಅದು! ಪುಕ್ಕಟೆ ಬೆಲ್ಟು ಕಟ್ಟಿಕೊಂಡು ತಿರುಗುವುದಕ್ಕಿಂತ ಬಿಟ್ಟುಬಿಡುವುದೇ ಮೇಲು ಅನಿಸಿತು. ಬಿಡುವ ಮೊದಲು ಒಮ್ಮೆ ಪರೀಕ್ಷೆ ಮಾಡಿ ನೋಡಬೇಕಿತ್ತು.

ಒಂದು ಭಾನುವಾರ ಯಾರಿಗೂ ಹೇಳದೆ ಬಂಟ್ವಾಳದ ಬಸ್ಸು ಹತ್ತಿದೆ. ಅಲ್ಲಿಯೂ ಒಂದು ತರಗತಿ ಇತ್ತು, ನನ್ನ ಗುರುತು ಯಾರಿಗೂ ಇರಲಿಲ್ಲ. ಮೀನಿನ ಟೆಂಪೋ ಓಡಿಸುವ ಒಬ್ಬ ನೀಲಿ ಬೆಲ್ಟಿನವನು "ಬನ್ನಿ ಅಣ್ಣ" ಎಂದು ಕರೆದ. ಕಾಲು ಮುಟ್ಟಲಿಲ್ಲ, ಮೊಣಕಾಲನ್ನು ನೇರ ನನ್ನ ಹೊಟ್ಟೆಯ ಮೇಲೆ ಊರಿದ. ಆಹಾ, ಎಂಥ ಖುಷಿ! ಮೊದಲ ಸುತ್ತಿನಲ್ಲಿ ನನ್ನ ಕುತ್ತಿಗೆ ಹಿಡಿದು ತಟ್ಟಿಸಿದ. ಎರಡನೆಯದರಲ್ಲಿ ಅವನ ಕೈ ನನಗೆ ಸಿಕ್ಕಿತು. ಹಲ್ಲು ಕಚ್ಚಿ ತುಂಬ ಹೊತ್ತು ಒದ್ದಾಡಿ ಕೊನೆಗೆ ತಟ್ಟಿದ. ಮುಖದಲ್ಲಿ ಅಪ್ಪಟ ಸಿಟ್ಟು, ಗೌರವದ ಸುಳಿವೇ ಇರಲಿಲ್ಲ.

"ನೀಲಿ ಸಿಕ್ಕಿ ತುಂಬ ಸಮಯ ಆಯ್ತಾ?" ಎಂದು ಬೆವರು ಒರೆಸುತ್ತಾ ಕೇಳಿದ.

"ಮೊನ್ನೆ."

"ಮೊನ್ನೆಯಾ? ಹೋದ ವರ್ಷವೇ ಕೊಡ್ಬೇಕಿತ್ತಲ್ಲ ಮಾರಾಯ್ರೇ. ಯಾರು ಇಷ್ಟು ಕಾಯಿಸಿದ್ದು?"

ಬಸ್ಸಿನಲ್ಲಿ ಕೂತು ಹಿಗ್ಗುತ್ತಿದ್ದವನಿಗೆ ಆ ಪ್ರಶ್ನೆ ಚುಚ್ಚತೊಡಗಿತು. ಹೌದಲ್ಲ! ನನ್ನ ಜೊತೆ ಸೇರಿದವರಿಗೆಲ್ಲ ಹೋದ ವರ್ಷವೇ ನೀಲಿ ಸಿಕ್ಕಿತ್ತು. ನನಗೆ ಪ್ರಾಯವಾಯಿತು, ಈ ಮೈಗೆ ಇನ್ನು ಏನೂ ಹತ್ತುವುದಿಲ್ಲ ಎಂದು ಆ ವರ್ಷವಿಡೀ ಕೊರಗಿದ್ದೆ.

ಮರುದಿನ ಕೋಚ್ ಮ್ಯಾಟು ಒರೆಸುತ್ತಿದ್ದಾಗ ಹೋಗಿ, "ನನಗೆ ಯಾಕೆ ತಡಮಾಡಿದ್ದು?" ಎಂದು ಕೇಳಿಯೇಬಿಟ್ಟೆ.

ಅವನು ತಲೆ ತಗ್ಗಿಸಿದ. "ಹೋದ ವರ್ಷವೇ ಕೊಡ್ಬೇಕಿತ್ತು ಸರ್. ಬೆಲ್ಟ್ ತಂದಿಟ್ಟೂ ಆಗಿತ್ತು. ಮಾಷ್ಟ್ರು ಅನ್ನುವ ಕಾರಣಕ್ಕೇ ಕೊಟ್ಟದ್ದು ಅಂತ ಹೇಳಿದ್ರೆ ಏನು ಮಾಡುದು ಎಂದು ಹೆದರಿಕೆ ಆಯ್ತು."

"ಯಾರು ಹೇಳುವುದು? ಯಾರಿಗೆ ಹೆದರಿದ್ದು ನೀನು?"

"ನಿಮಗೇ ಸರ್. ಆಗ ಕೊಟ್ಟಿದ್ರೆ ನೀವು ನಂಬ್ತಿದ್ರಾ? ಇನ್ನೊಂದು ವರ್ಷ ಕಳೆದ್ರೆ ನಿಮ್ಗೇ ಧೈರ್ಯ ಬರ್ತದೆ, ನನ್ನ ಮೇಲೆ ಸಂಶಯ ಬರ್ಲಿಕ್ಕಿಲ್ಲ ಅಂತ ಎಣಿಸಿದೆ."

ಬೈಯಬೇಕೆಂದು ಬಂದವನು ಮ್ಯಾಟಿನ ಅಂಚಿನಲ್ಲಿ ಕೂತೆ. ನಂಬುತ್ತಿದ್ದೆ ಎಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ನಿನ್ನೆ ಬಂಟ್ವಾಳಕ್ಕೆ ಹೋಗಿದ್ದೆ ಮಾರಾಯ," ಎಂದೆ. "ನೀನು ಕೊಟ್ಟದ್ದು ಸರಿಯಾ ಅಂತ ನೋಡ್ಲಿಕ್ಕೆ."

ಅವನ ಮುಖ ಸಣ್ಣದಾಯಿತು. "ಹಾಗಾದ್ರೆ ಒಂದು ವರ್ಷ ಕಾಯಿಸಿದ್ದೂ ದಂಡವಾ ಸರ್?" ಎಂದ.