ಅಜೋಬಾರ ಪಾಳಿ

ಪಂಚವಟಿಯ ಕಾಗೆಗಳೆಂದರೆ ನಾನು ಚಿಕ್ಕವನಿದ್ದಾಗ ನನಗೆ ಎಲ್ಲಿಲ್ಲದ ಹೆದರಿಕೆ. ಅಪ್ಪ ಬೀದರ್ ಕಡೆಯಿಂದ ನಾಸಿಕಕ್ಕೆ ಬಂದು ಬೇಳೆಕಾಳಿನ ವ್ಯಾಪಾರ ಮಾಡುತ್ತಿದ್ದರು. ಗೋದಾವರಿಯ ಮೆಟ್ಟಿಲುಗಳ ಹತ್ತಿರವೇ ನಮ್ಮ ಬಾಡಿಗೆ ಮನೆ. ಬೆಳಗಾದರೆ ಸಾಕು, ಒದ್ದೆ ಕಲ್ಲಿನ ವಾಸನೆ, ಕರ್ಪೂರದ ಹೊಗೆ, ಅದರ ಮೇಲೆ ಕಾಗೆಗಳ ಕೂಗು. ಕೈ ಎತ್ತಿದರೆ ಹಾರಿಹೋಗುವ ಕಾಗೆಗಳಲ್ಲ ಅವು. ಕತ್ತು ವಾಲಿಸಿ ನಮ್ಮ ಮುಖವನ್ನೇ ನೋಡುತ್ತ ಕೂರುತ್ತಿದ್ದವು.

ಮನೆಯ ಮಾಲೀಕರು ಪಕ್ಕದಲ್ಲೇ ಇದ್ದರು. ಮರಾಠಿಯಲ್ಲಿ ಅಜ್ಜನಿಗೆ ಅಜೋಬಾ, ಅಜ್ಜಿಗೆ ಆಜಿ ಎನ್ನುತ್ತಾರೆ. ನಾವೂ ಅವರಿಬ್ಬರನ್ನು ಹಾಗೇ ಕರೆಯುತ್ತಿದ್ದೆವು. ಅಜೋಬಾ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅವರ ಹತ್ತಿರ ಚೌಕದ ಮಣೆ ಮತ್ತು ಒಂದು ಚೀಲದ ತುಂಬ ಅಕ್ಷರದ ಬಿಲ್ಲೆಗಳಿದ್ದವು. ಚೀಲಕ್ಕೆ ಕೈಹಾಕಿ ಬಿಲ್ಲೆ ತೆಗೆಯಬೇಕು, ಮಣೆಯ ಮೇಲೆ ಶಬ್ದ ಕಟ್ಟಬೇಕು. ಮೊಮ್ಮಕ್ಕಳು ನೀವು ಸ್ಕ್ರ್ಯಾಬಲ್ ಅನ್ನುತ್ತೀರಲ್ಲ, ಅದೇ. ಅಮೆರಿಕದಲ್ಲಿ ಕೆಲಸವೇ ಸಿಗದ ಕಾಲದಲ್ಲಿ, ಕಟ್ಟಡಗಳ ನಕ್ಷೆ ಬರೆಯುತ್ತಿದ್ದ ಒಬ್ಬ ಮನುಷ್ಯ ಖಾಲಿ ಕೂತು ಈ ಆಟ ಹುಟ್ಟಿಸಿದನಂತೆ. ಯಾವ ಅಕ್ಷರ ಹೆಚ್ಚು ಬರುತ್ತದೆ, ಯಾವುದು ಅಪರೂಪ ಎಂದು ಪತ್ರಿಕೆಯ ಪುಟ ಹರಡಿಕೊಂಡು ಎಣಿಸಿದನಂತೆ. ಎಷ್ಟೋ ವರ್ಷ ಅದನ್ನು ಕೊಳ್ಳುವವರೇ ಇರಲಿಲ್ಲವಂತೆ. ಅಜೋಬಾ ಈ ಕಥೆಯನ್ನು ತಮ್ಮ ಮನೆತನದ ಹಿರಿಯರ ಸುದ್ದಿ ಹೇಳುವಷ್ಟು ಹೆಮ್ಮೆಯಿಂದ ಹೇಳುತ್ತಿದ್ದರು.

ಅವರ ಎದುರು ಕೂರುತ್ತಿದ್ದವಳು ಅಕ್ಕ. ನಾನು ನೋಡುತ್ತ ಕೂರುವವನು. ಅಕ್ಕನಿಗೆ ಸೋಲೆಂದರೆ ಆಗದು, ಆದರೆ ಅಜೋಬಾರನ್ನು ಒಮ್ಮೆಯೂ ಸೋಲಿಸಿರಲಿಲ್ಲ. ಒಂದು ಮಧ್ಯಾಹ್ನ ಮಾತ್ರ ಅಕ್ಕನೇ ಬಹಳ ಮುಂದಿದ್ದಳು. ಅಜೋಬಾ ನಕ್ಕು, ಈಗ ನನ್ನ ಪಾಳಿ, ಯಾರೂ ಮುಟ್ಟಬೇಡಿ, ಸ್ವಲ್ಪ ಅಡ್ಡಾಗಿ ಬರುತ್ತೇನೆ ಎಂದು ಒಳಗೆ ಹೋದರು. ಮಲಗಿದವರು ಮತ್ತೆ ಏಳಲಿಲ್ಲ.

ಅವರ ಪಡಸಾಲೆಯಲ್ಲಿದ್ದ ಆ ಮಣೆಯನ್ನು ಅಕ್ಕ ಬುಟ್ಟಿ ಬೋರಲು ಹಾಕಿ ಮುಚ್ಚಿಟ್ಟಳು. ಗೆಲ್ಲುವ ಆಟ ಅರ್ಧಕ್ಕೆ ನಿಂತಿತೆಂಬ ಸಂಕಟ, ಹಾಗೆ ಯೋಚಿಸಿದ್ದಕ್ಕೆ ನಾಚಿಕೆ, ಎರಡೂ ಸೇರಿ ಅವಳು ಸರಿಯಾಗಿ ಊಟ ಮಾಡಲಿಲ್ಲ. ಆಗ ಕಾಗೆಗಳು ಬರತೊಡಗಿದವು. ಅವ್ವ ಹಾಕಿದ ಅನ್ನದ ಕಡೆ ತಿರುಗಿಯೂ ನೋಡದೆ, ಆ ಬುಟ್ಟಿಯ ಸುತ್ತ ಸುಮ್ಮನೆ ಕೂತಿರುತ್ತಿದ್ದವು. ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ.

ಹತ್ತನೆಯ ದಿನ ನದಿಯ ಮೆಟ್ಟಿಲ ಮೇಲೆ ಅಜೋಬಾರ ಕಾರ್ಯವಿತ್ತು. ಅನ್ನದ ಪಿಂಡ ಇಟ್ಟು ಕಾಯುತ್ತಾರೆ. ಕಾಗೆ ಬಂದು ಮುಟ್ಟಿದರೆ ಹೋದವರಿಗೆ ಸಮಾಧಾನವಾಯಿತೆಂದು ಅರ್ಥ. ಮುಟ್ಟದಿದ್ದರೆ ಅವರದೊಂದು ಆಸೆ ಉಳಿದಿದೆಯೆಂದು ಮನೆಯವರು ಕೈಮುಗಿದು ಮಾತು ಕೊಡುತ್ತಾರೆ. ನಾವು ಲಿಂಗ ಕಟ್ಟುವವರು, ಸತ್ತವರನ್ನು ಮಣ್ಣು ಮಾಡುವವರು. ನಮ್ಮಲ್ಲಿ ಪಿಂಡವಿಲ್ಲ, ಕಾಗೆಗೆ ಕಾಯುವುದೂ ಇಲ್ಲ. ನೆರೆಯವರೆಂದು ಹೋಗೋಣ, ಆದರೆ ಬಾಯಿ ಬಿಡದೆ ದೂರ ನಿಲ್ಲಬೇಕು ಎಂದು ಅಪ್ಪ ಮೊದಲೇ ತಾಕೀತು ಮಾಡಿದ್ದರು.

ಅಂದು ಮೋಡ ಕವಿದು ನೀರು ಬೂದಿ ಬಣ್ಣಕ್ಕೆ ತಿರುಗಿತ್ತು. ಗೋಡೆಯ ಉದ್ದಕ್ಕೂ ಕಾಗೆಗಳಿದ್ದವು, ಆದರೆ ಒಂದೂ ಕೆಳಗಿಳಿಯಲಿಲ್ಲ, ಒಂದೂ ಕೂಗಲಿಲ್ಲ. ಆಜಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದು ಅಜೋಬಾರ ಮಗ ಮಾತು ಕೊಟ್ಟರು. ಮನೆ ಮಾರುವುದಿಲ್ಲ ಎಂದರು. ಇಳಿಯಲಿಲ್ಲ. ಆಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನನ್ನ ಮೇಲೆ ಕೋಪವೇ ಎಂದು ನೀರನ್ನು ಕೇಳುತ್ತಿದ್ದರು. ಕೊನೆಗೆ ಪುರೋಹಿತರು ದರ್ಭೆಯಲ್ಲೇ ಕಾಗೆ ಮಾಡಿ ಮುಟ್ಟಿಸಲು ಹುಲ್ಲನ್ನು ಗಂಟು ಹಾಕತೊಡಗಿದರು. ಆಜಿಯ ಮುಖವನ್ನು ನೋಡಲಾಗುತ್ತಿರಲಿಲ್ಲ.

ಅಕ್ಕ ನನ್ನ ಕೈ ಬಿಡಿಸಿಕೊಂಡು ಮೆಟ್ಟಿಲಿಳಿದಳು. ಅಜೋಬಾರ ಜೊತೆ ಯಾವಾಗಲೂ ಮರಾಠಿ ಮಾತಾಡುವವಳು, ಹೆದರಿಕೆಗೆ ಮರಾಠಿ ಮರೆತು ಮನೆಯ ಮಾತಿನಲ್ಲೇ ಹೇಳಿದಳು.

"ಅಜೋಬಾ, ಆಟ ಹಂಗೇ ಅದರಿ. ನಾ ಕೆಡಿಸಿಲ್ರಿ. ನಿಮ್ಮ ಪಾಳಿ ಬಿಟ್ಟು ಆಡಂಗಿಲ್ರಿ, ಪೂರಾ ಮುಗಸ್ತೀನ್ರಿ."

ರೆಕ್ಕೆಯ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಹಾಯಿತು. ಒಂದೇ ಕಾಗೆ ಇಳಿಯಿತು. ಪಿಂಡವನ್ನು ಮುಟ್ಟಿ, ಅಕ್ಕನನ್ನು ಒಮ್ಮೆ ನೋಡಿ ಹಾರಿಹೋಯಿತು.

ಅಪ್ಪ ಬೈದೇ ಬೈಯುತ್ತಾರೆಂದು ಇಬ್ಬರೂ ತಲೆ ತಗ್ಗಿಸಿ ಮನೆಗೆ ಬಂದೆವು. ಅವರು ಅಕ್ಕನಿಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಬಾ ಎಂದರು. ಬಂದ ಮೇಲೆ ಅವಳ ಹಣೆಯನ್ನು ನೋಡಿ ಇಷ್ಟೇ ಹೇಳಿದರು:

"ಮಾತು ಕೊಟ್ಟೀದಿ. ಹೋಗಿ ಆಡು."

ಅಕ್ಕ ಬುಟ್ಟಿ ಎತ್ತಿದಳು. ಎದುರಿಗೆ ಅಜೋಬಾರಿಗೆಂದು ಕೂರುವ ಮಣೆ ಹಾಕಿ, ನಿಂತಿದ್ದ ಅವರ ಪಾಳಿಯಿಂದಲೇ ಶುರುಮಾಡಿದಳು. ತನ್ನ ಪಾಳಿ ತಾನಾಡಿದಳು, ಅವರ ಪಾಳಿ ಬಂದಾಗ ಎದ್ದು ಆ ಕಡೆ ಹೋಗಿ ಅವರ ಬಿಲ್ಲೆಗಳಲ್ಲಿ ಎಷ್ಟು ದೊಡ್ಡ ಶಬ್ದವಾಗುತ್ತದೋ ಅಷ್ಟನ್ನೂ ಕಟ್ಟಿದಳು. ಚೀಲದಿಂದ ಅವರ ಪಾಲಿನ ಬಿಲ್ಲೆ ತೆಗೆದುಕೊಟ್ಟವರು ಆಜಿ. ಆಜಿಗೆ ಇಂಗ್ಲಿಷಿನ ಒಂದಕ್ಷರವೂ ಬರದು. ಆದರೂ ಅವರು ತೆಗೆದದ್ದೆಲ್ಲ ಅಜೋಬಾರಿಗೆ ಬೇಕಾದದ್ದೇ ಆಗಿರುತ್ತಿತ್ತು. ಸಂಜೆಯ ಹೊತ್ತಿಗೆ ಅಕ್ಕ ಸೋತಿದ್ದಳು. ಸೋತು ಅಳದೆ ಎದ್ದದ್ದು ಅದೇ ಮೊದಲು. ಆಜಿ ಆಕೆಯ ತಲೆ ಸವರಿ, ಹಿಂದಿನಂತೆ ಹೊಟ್ಟೆ ತುಂಬ ಉಣಿಸಿ ಕಳಿಸಿದರು.

ಈಗ ನಾನು ಸಂಭಾಜಿನಗರದಲ್ಲಿ ನಿಮ್ಮೊಡನೆ ಇದ್ದೇನೆ. ನೀವೂ ಅದೇ ಆಟ ಆಡುತ್ತೀರಿ, ಫೋನಿನಲ್ಲಿ, ಎಲ್ಲಿಯೋ ಇರುವ ಯಾರದೋ ಜೊತೆ. ಅವರು ತಮ್ಮ ಪಾಳಿ ಆಡದೆ ಸುಮ್ಮನಾದರೆ, ಸಮಯ ಮುಗಿಯಿತು, ನೀವೇ ಗೆದ್ದಿರಿ ಎಂದು ಫೋನೇ ಹೇಳಿಬಿಡುತ್ತದೆ. ಮೊನ್ನೆ ಹಾಗೆ ಗೆದ್ದು ನೀವು ಕುಣಿದಾಗ ನನಗೆ ಪಡಸಾಲೆಯ ಆ ಬುಟ್ಟಿ ನೆನಪಾಯಿತು. ಆ ಕಡೆ ಕೂತವರು ಯಾರು, ನಡುವೆ ಯಾಕೆ ಎದ್ದುಹೋದರು ಎಂದು ನಾನು ಕೇಳಿದೆ. ಅದೆಲ್ಲ ಗೊತ್ತಾಗುವುದಿಲ್ಲ ಅಜ್ಜ ಎಂದು ಹೇಳಿ ನೀವು ಹೊಸ ಆಟ ಶುರುಮಾಡಿದಿರಿ.