ಬಣ್ಣದಲ್ಲಿ ಬರೆದ ಬಂಗಡೆ

ನಾನು ಈವರೆಗೆ ಬರೆದದ್ದರಲ್ಲಿ ತಪ್ಪೇ ಇಲ್ಲದ ಬರಹವೆಂದರೆ ಒಂದು ಮೀನಿನ ಬೋರ್ಡು. ಮೂವತ್ತು ವರ್ಷ ಪತ್ರಿಕೆಯ ಸುದ್ದಿಮೇಜಿನಲ್ಲಿ ಕೂತು ಬೇರೆಯವರ ಒತ್ತಕ್ಷರ ತಿದ್ದಿದವನು ನಾನು. ಆದರೂ ನನ್ನದೇ ಬರಹದಲ್ಲಿ, ಮರುದಿನ ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ, ಏನಾದರೊಂದು ಹುಳುಕು ಕಾಣದೆ ಇರುತ್ತಿರಲಿಲ್ಲ. ಈ ಬೋರ್ಡಿನಲ್ಲಿ ಮಾತ್ರ ಕಾಣಲಿಲ್ಲ. ಅಕ್ಷರ ಸರಿ, ಸಾಲು ಸರಿ, ಮಾಹಿತಿ ಸರಿ. ಅದು ಒಂದು ಹೋಟೆಲನ್ನು ಹೆಚ್ಚುಕಡಿಮೆ ಮುಚ್ಚಿಸಿತ್ತು ಎನ್ನುವುದಷ್ಟೇ ಅದರ ದೋಷ.

ಹೋಟೆಲ್ ಎಂದರೆ ದೊಡ್ಡ ಮಾತಾಯಿತು. ಅವರ್ಸಾ ದಾಟಿ ಅಂಕೋಲೆಯ ಕಡೆ ಹೋಗುವಾಗ ಹೆದ್ದಾರಿಯ ಬದಿಗೆ ಒಂದು ಹಂಚಿನ ಮನೆ, ಅದರ ಜಗಲಿಯಲ್ಲಿ ಐದು ಮೇಜು, ಒಳಗೆ ನಾಗವೇಣಿ. ಅವಳನ್ನು ಊರೆಲ್ಲ ನಾಗಕ್ಕ ಎನ್ನುತ್ತದೆ. ಅವಳಿಗಿಂತ ಎಂಟು ಹತ್ತು ವರ್ಷ ದೊಡ್ಡವನಾದ ನಾನೂ ಹಾಗೇ ಕರೆಯುತ್ತೇನೆ; ಅನ್ನ ಬಡಿಸುವವರ ವಯಸ್ಸನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಅವಳ ಗಂಡ ಬೊಮ್ಮಯ್ಯ ಬೆಳಿಗ್ಗೆ ಬೈಕಿನಲ್ಲಿ ಬೇಲೆಕೇರಿ ಬಂದರಿಗೆ ಹೋಗಿ ಮೀನು ತರುತ್ತಾನೆ, ಹೆಚ್ಚಿ ತೊಳೆದು ಕೊಡುತ್ತಾನೆ, ಆಮೇಲೆ ದಿನವಿಡೀ ಮಾತಾಡುವುದಿಲ್ಲ.

ನಮ್ಮ ಭಾನುವಾರಗಳಿಗೆ ಒಂದು ಕ್ರಮವಿದೆ. ಕಾರವಾರದಿಂದ ನಾನು, ಹೆಂಡತಿ ಸುಮಿತ್ರಾ, ಕಾಲೇಜಿಗೆ ಹೋಗುವ ಮಗಳು ಮೇಘಾ ಹೊರಡುತ್ತೇವೆ. ಅರ್ಗಾದ ನೌಕಾನೆಲೆಯ ಗೋಡೆ ಮುಗಿಯುವಷ್ಟರಲ್ಲಿ ಮೇಘಾಗೆ ಹಸಿವಾಗುತ್ತದೆ. ಅವರ್ಸಾದಲ್ಲಿ ತಮ್ಮನ ಮನೆಯ ಅಂಗಳದಲ್ಲಿ ಆಯಿ, ಎಂದರೆ ನನ್ನ ತಾಯಿ, ಸೀರೆ ಬದಲಿಸಿ, ಚಪ್ಪಲಿ ಹಾಕಿಕೊಂಡು, ಎಲ್ಲಿಗೂ ಹೊರಡುವವಳಲ್ಲ ಎಂಬ ಮುಖ ಮಾಡಿ ಕೂತಿರುತ್ತಾಳೆ. "ಮನೆಲಿ ಅಡಿಗೆ ಅದೆ, ಸುಮ್ನೆ ಎಂತಕೆ" ಎನ್ನುತ್ತಲೇ ಕಾರಿನ ಮುಂದಿನ ಸೀಟಿನಲ್ಲಿ ಕೂರುತ್ತಾಳೆ.

ನಾಗಕ್ಕನ ಮನೆಯಲ್ಲಿ ಯಾರೂ ಬಂದವರೇ ಕೂರುವುದಿಲ್ಲ. ನಾನು ಮೊದಲಿನಿಂದ ಕುತೂಹಲದಿಂದ ನೋಡುತ್ತ ಬಂದದ್ದು ಇದನ್ನೇ. ಗಿರಾಕಿಗಳು ಮೊದಲು ಅಡಿಗೆಮನೆಯ ಅರ್ಧ ಬಾಗಿಲಿನ ಹತ್ತಿರ ಹೋಗಿ ನಿಲ್ಲುತ್ತಾರೆ, ವಿಚಾರಿಸುತ್ತಾರೆ, ಆಮೇಲೆ ಕೂರುವುದೋ ಅಂಕೋಲೆಗೆ ಹೋಗುವುದೋ ತೀರ್ಮಾನಿಸುತ್ತಾರೆ. ಬ್ಯಾಂಕಿನವರು, ಬಸ್ಸಿನವರು, ಗದ್ದೆ ಕೆಲಸ ಮುಗಿಸಿ ಬಂದವರು, ಎಲ್ಲರದೂ ಇದೇ ಪದ್ಧತಿ. ನಮ್ಮ ಕುಟುಂಬದ ಪರವಾಗಿ ವಿಚಾರಿಸುವವಳು ಆಯಿ.

"ನಾಗವೇಣಿ, ಎಂತಾ ಬಂದದೆ?"

"ಬಂಗಡೆ ಬಂದದೆ ಆಯಿ. ನೊಗಲಿ ನಾಕೇ ನಾಕು. ಇಸ್ವಾಣ ಅದೆ, ನಿಮ್ಗೆ ಬ್ಯಾಡ."

"ಎಂತಕೆ ಬ್ಯಾಡ?"

"ನಿನ್ನೆದು."

"ಬಂಗಡೆ ಎಷ್ಟೊತ್ತಿಗೆ ಬಂತು?"

"ಏಳು ಗಂಟೆಗೆ. ಕಿವಿರು ತೋರ್ಸೂದಾ?"

"ತೋರ್ಸು. ನೀ ಸುಳ್ಳು ಹೇಳ್ತೆ ಅಂತಲ್ಲ, ನಂಗೆ ನೋಡೂಕೆ ಖುಷಿ."

ಬೊಮ್ಮಯ್ಯ ಒಂದು ಬಂಗಡೆ ಎತ್ತಿ, ಕಿವಿರು ಬಿಡಿಸಿ, ಒಳಗಿನ ಕೆಂಪು ತೋರಿಸುತ್ತಾನೆ. ಆಗ ನಾವು ಕೂರುತ್ತೇವೆ. ಏನು, ಎಲ್ಲಿಂದ, ಯಾವಾಗ, ಹೇಳಿದವರು ಯಾರು, ಪುರಾವೆ ಎಲ್ಲಿ. ನಮ್ಮ ಕಚೇರಿಗೆ ಬಂದ ಹೊಸ ವರದಿಗಾರರಿಗೆ ಇಷ್ಟು ಕಲಿಸಲು ನನಗೆ ಆರು ತಿಂಗಳು ಬೇಕಾಗುತ್ತಿತ್ತು. ಆಯಿ ನಾಲ್ಕನೇ ಇಯತ್ತೆ ಓದಿದವಳು.

ಅಲ್ಲಿ ಸೂಪ್ ಕೂಡ ಸಿಗುತ್ತದೆ. ಕಾರವಾರದಲ್ಲಿ ಸಂಜೆ ಕಡಲ ಬದಿಗೆ ತಿರುಗಾಡಿ ಬಂದವರು ಏಡಿ ಸೂಪು, ಕೋಳಿ ಸೂಪು ಕುಡಿಯುವುದು ಈಗ ಸಾಮಾನ್ಯ. ಅದನ್ನು ನೋಡಿ ಬಂದ ಮೇಘಾಳ ಒತ್ತಾಯಕ್ಕೆ ನಾಗಕ್ಕನೂ ಶುರು ಮಾಡಿದಳು. ಆಯಿಗೆ ಈ ಹೆಸರು ಒಪ್ಪಿಗೆಯಿಲ್ಲ. ಕಾರವಾರದವರು ತಿಸ್ರೆ ಎಂದೂ ಅಂಕೋಲೆಯವರು ಬಳಚು ಎಂದೂ ಕರೆಯುವ ಚಿಪ್ಪುಗಳನ್ನು ಪಾತ್ರೆಗೆ ಹಾಕಿ ಬಿಸಿ ಮಾಡಿದರೆ ಅವು ಬಾಯಿ ಬಿಟ್ಟು ಮಬ್ಬು ಬಣ್ಣದ ನೀರು ಬಿಡುತ್ತವೆ. ಶೀತವಾದವರಿಗೆ ಆ ನೀರಿಗೆ ಕಾಳುಮೆಣಸು ಹಾಕಿ ಕುಡಿಸುವುದು ನಮ್ಮ ಮನೆಗಳ ಹಳೆಯ ವಾಡಿಕೆ. "ಅದಕ್ಕೆ ಬಟ್ಟಲು, ಚಮಚ ಕೊಟ್ರೆ ಸೂಪ್ ಆತದೆ" ಎಂದು ಆಯಿ ಹೇಳಿದಾಗ ನಾನು ನನ್ನ ಪಾಂಡಿತ್ಯ ತೆಗೆದೆ. ಸೂಪ ಎನ್ನುವುದು ನಮ್ಮಲ್ಲೇ ಇದ್ದ ಹಳೆಯ ಮಾತು, ತೊವ್ವೆಗೆ ಹಾಗೆನ್ನುತ್ತಿದ್ದರು, ಅಡಿಗೆಯವನಿಗೆ ಸೂಪಕಾರ ಎಂಬ ಹೆಸರೇ ಇತ್ತು ಎಂದೆಲ್ಲ ವಿವರಿಸಿದೆ. ನಾನು ಮುಗಿಸುವಷ್ಟರಲ್ಲಿ ಆಯಿ ಚಮಚವನ್ನು ಮೇಜಿನ ಮೇಲಿಟ್ಟು, ಬಟ್ಟಲು ಎತ್ತಿ, ಪೂರ್ತಿ ಕುಡಿದಾಗಿತ್ತು. ನನ್ನದು ಆರಿತ್ತು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಜಾಗಕ್ಕೆ ಬೋರ್ಡು ಏಕೆ ಬೇಕಾಯಿತೆಂದರೆ, ಹೆದ್ದಾರಿ ಅಗಲವಾಯಿತು. ಅಗಲವಾದದ್ದಷ್ಟೇ ಅಲ್ಲ, ಎತ್ತರವೂ ಆಯಿತು. ಒಂದು ಕಾಲಕ್ಕೆ ಡ್ರೈವರ್‌ಗಳು ಕಿಟಕಿಯಿಂದಲೇ "ಎಂತಾ ಬಂದದೆ?" ಎಂದು ಕೂಗಿ ಕೇಳುವಷ್ಟು ಹತ್ತಿರವಿದ್ದ ರಸ್ತೆ ಈಗ ಆ ಮನೆಯ ಹಂಚಿನ ಮಾಡಿಗೆ ಸಮನಾಗಿ ಓಡುತ್ತದೆ.

"ರಸ್ತೆ ಮೇಲೆ ಹೋತು ಪೇಪರಣ್ಣ, ನಾವು ಕೆಳಗೇ ಉಳ್ದ್ವಿ" ಎಂದಳು ನಾಗಕ್ಕ. "ನೀವೇ ಒಂದು ಬೋರ್ಡ್ ಬರ್ದುಕೊಡಿ. ಹೆಸ್ರು ಹಾಕಿ, ಇಲ್ಲಿ ಊಟ ಅದೆ ಅಂತ ಒಂದು ಬಾಣ ಹಾಕಿದ್ರೆ ಸಾಕು."

ಸಾಕು ಎಂದದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಅರ್ಧ ಮಾಹಿತಿ ಕೊಡುವುದು ನನ್ನ ಸ್ವಭಾವವಲ್ಲ. ವರ್ಷದಲ್ಲಿ ಏನೇನು ಮಾಡುತ್ತೀ ಎಂದು ಅವಳನ್ನು ಕೂರಿಸಿ ಕೇಳಿದೆ, ಬರೆದುಕೊಂಡೆ, ಅಚ್ಚುಕಟ್ಟು ಮಾಡಿದೆ. ಬಂಗಡೆ, ತಾರ್ಲೆ, ನೊಗಲಿ, ಇಸ್ವಾಣ, ಪಾಪ್ಲೆಟ್, ಸಿಗಡಿ, ಏಡಿ ಸೂಪು, ತಿಸ್ರೆ ಸೂಪು. ಕೊನೆಯಲ್ಲಿ 'ಇಲ್ಲಿ ದೊರೆಯುತ್ತವೆ'. ಅಂಕೋಲೆಯ ಪೇಂಟರನ ಪಕ್ಕದಲ್ಲಿ ನಿಂತು ನೀಲಿ ತಗಡಿನ ಮೇಲೆ ಹಳದಿಯಲ್ಲಿ ಬರೆಸಿದೆ. ಅವನು ಮಧ್ಯಾಹ್ನದ ಊಟಕ್ಕೆ ಹೋಗಲೂ ನನ್ನ ಅನುಮತಿ ಕೇಳುವಂತಾಗಿತ್ತು. ಬೋರ್ಡು ಮೇ ತಿಂಗಳಲ್ಲಿ ರಸ್ತೆಯ ಅಂಚಿಗೆ ನಿಂತಿತು. ದೂರದಿಂದ ಓದಿದೆ, ಹತ್ತಿರದಿಂದ ಓದಿದೆ, ಕಾರು ಓಡಿಸುತ್ತ ಓದಿದೆ.

ಆಮೇಲೆ ಮಳೆ ಬಂತು, ದೋಣಿಗಳು ದಡ ಸೇರಿದವು. ಅದರ ಬೆನ್ನಿಗೇ ಶ್ರಾವಣ. ನಮ್ಮ ಮನೆಯೂ ಸೇರಿದಂತೆ ಅರ್ಧ ಊರು ಮೀನು ಬಿಟ್ಟಿತು. ಆಯಿಗೆ ಮಂಡಿನೋವು ಹೆಚ್ಚಾಗಿ ತಿಂಗಳುಗಟ್ಟಲೆ ಮನೆ ಬಿಟ್ಟು ಹೊರಡಲಿಲ್ಲ. ನಡುವೆ ಒಂದೆರಡು ಸಲ ನಾನು ಒಬ್ಬನೇ ಹೋದಾಗ ಜಗಲಿ ಖಾಲಿಯಿತ್ತು. ಕಾರಣಗಳು ನನ್ನ ಕೈಯಲ್ಲಿ ಸಿದ್ಧವಿದ್ದವು: ಮಳೆ, ಶ್ರಾವಣ, ರಸ್ತೆ.

ಆದರೆ ಚೌತಿ ಮುಗಿದ ಮೇಲಿನ ಭಾನುವಾರ ಕಾರವಾರದಲ್ಲಾಗಲಿ ಅಂಕೋಲೆಯಲ್ಲಾಗಲಿ ಮೀನು ಊಟದ ಮನೆಗಳಲ್ಲಿ ಕೂರಲು ಜಾಗ ಸಿಗಬಾರದು. ಅಷ್ಟು ದಿನದ ಸೊಪ್ಪು ತರಕಾರಿಯ ಸೇಡನ್ನು ಜನ ಆ ಒಂದೇ ದಿನ ತೀರಿಸಿಕೊಳ್ಳುತ್ತಾರೆ. ಆ ಭಾನುವಾರ ನಾವು ಮೂವರು ಹೋದಾಗ ನಾಗಕ್ಕನ ಐದು ಮೇಜಿನಲ್ಲಿ ನಾಲ್ಕು ಖಾಲಿ. ಗೋವಾ ಕಡೆ ಹೊರಟ ಯಾರೋ ಇಬ್ಬರು ಪ್ರವಾಸಿಗಳು ಪಾಪ್ಲೆಟ್ ತಿಂದು ಎದ್ದು ಹೋದರು.

ಕೈ ಒರೆಸುತ್ತ ಬಂದ ನಾಗಕ್ಕ ಸುಮಿತ್ರಾಳ ಹತ್ತಿರ ಹೇಳಿದಳು, "ದೀಪಾವಳಿ ತನಕ ನೋಡೂದು. ಅರ್ಗಾದಲ್ಲಿ ಒಂದು ಮನೆ ಅಡಿಗೆಗೆ ಕರೀತ್ರು. ಬರ್ತೆ ಅಂತ ಹೇಳೂಕೆ ಬಾಯಿ ಬರ್ತಿಲ್ಲ, ಬರೂದಿಲ್ಲ ಅನ್ನೂಕೂ ಆತಿಲ್ಲ."

ಇಪ್ಪತ್ತು ವರ್ಷ ತನ್ನ ಒಲೆಯ ಮುಂದೆ ನಿಂತವಳು ಇನ್ನೊಬ್ಬರ ಒಲೆಯ ಮುಂದೆ ನಿಲ್ಲುವುದು ಹೇಗಿರುತ್ತದೆಂದು ನಾನು ಯೋಚಿಸಿದೆ. ಆಮೇಲೆ ನನಗೆ ಗೊತ್ತಿರುವ ಒಂದೇ ಕೆಲಸ ಮಾಡಿದೆ. ವಿಚಾರಿಸಲು ಹೊರಟೆ.

ಅವರ್ಸಾ ಸ್ಟ್ಯಾಂಡಿನ ಆಟೋದವನು, "ಊಟಕ್ಕೆ ಎಂತದೂ ಹೆಸ್ರು ಇಡೂಕಿಲ್ಲ" ಎಂದ. ಹಾಗಾದರೆ ಹೋಗುತ್ತಿಲ್ಲ ಏಕೆ? "ಐಸ್ ಮೀನು ಮಾಡ್ತ್ರಂತಲ್ಲ ಈಗ." ಹೇಳಿದ್ದು ಯಾರು? "ಯಾರೂ ಹೇಳೂದು ಬ್ಯಾಡ, ಕಾಣ್ತದೆ." ಎಲ್ಲಿ ಕಾಣುತ್ತದೆ ಎಂದರೆ ಅವನಿಗೆ ಬಾಡಿಗೆ ಬಂತು. ಭಾವಿಕೇರಿಯ ನಿವೃತ್ತ ಮಾಸ್ತರರು ಪ್ರತಿ ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ಬಂದು ನಮ್ಮ ಪಕ್ಕದ ಮೇಜಿಗೆ ಕೂರುತ್ತಿದ್ದವರು. ಅವರು ನನ್ನ ಮುಖವನ್ನೇ ನೋಡಿ, "ನಿಮ್ಗೆ ಹ್ಯಾಂಗೆ ಹೇಳೂದು" ಎಂದು ಚಹಾ ತರಿಸಿದರು. ಎಲ್ಲರಿಗೂ ಒಂದೇ ಸುದ್ದಿ ಗೊತ್ತಿದೆ, ಯಾರಿಗೂ ಅದರ ಮೂಲ ಗೊತ್ತಿಲ್ಲ. ಇಂಥ ಸುದ್ದಿಯನ್ನು ನಾನು ಮೂವತ್ತು ವರ್ಷ ಕಸದ ಬುಟ್ಟಿಗೆ ಹಾಕಿದ್ದೇನೆ.

ಮುಂದಿನ ಭಾನುವಾರ ಆಯಿಯ ಮಂಡಿ ಒಪ್ಪಿತು. ಹೆದ್ದಾರಿಯ ಅಂಚಿನಲ್ಲಿ ಕಾರು ನಿಧಾನ ಮಾಡಿದೆ. ಆಯಿ ಬೋರ್ಡನ್ನು ಮೊದಲ ಸಲ ನೋಡಿದಳು. ಕಣ್ಣು ಕಿರಿದು ಮಾಡಿ ಒಂದೊಂದೇ ಹೆಸರು ಓದಿದಳು.

"ಇದು ಯಾರು ಬರೆದದ್ದು?"

"ನಾನೇ" ಎಂದೆ. ಹೊಗಳಿಕೆಗೆ ಸ್ವಲ್ಪ ಜಾಗ ಬಿಟ್ಟೆ.

"ಬಂಗಡೆನೂ ದಿನಾ, ಇಸ್ವಾಣನೂ ದಿನಾ, ಏಡಿನೂ ದಿನಾ? ಹುಣ್ಣಿಮೆಗೆ ಪೊಳ್ಳಾಗೂ ಏಡಿ ನಿನ್ನ ಬೋರ್ಡ್ ನೋಡ್ಕಂಡು ತುಂಬ್ತದ್ಯಾ? ಎಲ್ಲಾ ದಿನಾ ಸಿಗೂದಾದ್ರೆ ಅದು ಸಮುದ್ರ ಅಲ್ಲ ತಮಾ, ಐಸ್ ಪೆಟ್ಟಿಗೆ. ಬಣ್ಣದಲ್ಲಿ ಬರೆದ ಬಂಗಡೆ ಯಾವತ್ತು ಹಿಡಿದದ್ದು, ಹೇಳು ಕಾಂಬ."

ಹಿಂದಿನ ಸೀಟಿನಲ್ಲಿ ಮೇಘಾ ನಕ್ಕಳು. ಸುಮಿತ್ರಾ ನಗಲಿಲ್ಲ, ಅವಳಿಗೆ ನನ್ನ ಮುಖ ಕನ್ನಡಿಯಲ್ಲಿ ಕಾಣುತ್ತಿತ್ತು.

ಕೆಳಗೆ ಹೋಗಿ ನಾಗಕ್ಕನನ್ನು ನೇರವಾಗಿ ಕೇಳಿದೆ. ಅವಳು ಬೊಮ್ಮಯ್ಯನ ಕಡೆ ನೋಡಿದಳು. ಮಾತಾಡದ ಬೊಮ್ಮಯ್ಯ ಎದ್ದು ಹೋಗಿ ಹಿಂದಿನ ಕೋಣೆಯ ಬಾಗಿಲು ತೆರೆದ. ಅಲ್ಲಿ ಒಂದು ದೊಡ್ಡ ಐಸ್ ಪೆಟ್ಟಿಗೆ ಇತ್ತು.

"ಬೋರ್ಡ್ ತೋರ್ಸಿ ಪಾಪ್ಲೆಟ್ ಕೊಡಿ ಅಂತ್ರು" ಎಂದಳು ನಾಗಕ್ಕ. "ಇಲ್ಲ ಅಂದ್ರೆ ಹಂಗಾದ್ರೆ ಬರೆದದ್ದು ಎಂತಕೆ ಅಂತ ಕೇಳ್ತ್ರು. ನಿಮ್ಮ ಬರಹ ಸುಳ್ಳಾಗೂಕೆ ಬಾರ್ದು ಅಂತ ಇವ್ರು ಪೆಟ್ಟಿಗೆ ತಂದ್ರು. ಊರಿನವ್ರು ಅದಕ್ಕೂ ಮೊದ್ಲೇ ಬರೂದು ಬಿಟ್ಟಿದ್ರು."

"ನನಗೆ ಹೇಳಬೇಕಿತ್ತಲ್ಲ ನಾಗಕ್ಕ."

"ನೀವು ಪೇಪರಿನವ್ರು. ಓದು ಬರಹ ಬಲ್ಲವ್ರಿಗೆ ನೀವು ಬರೆದದ್ದು ತಪ್ಪು ಅಂತ ನಾ ಹ್ಯಾಂಗೆ ಹೇಳ್ಲಿ?"

ನನ್ನ ವೃತ್ತಿಯಲ್ಲಿ ಕಂಡ ಅತಿ ವಿಚಿತ್ರ ಸಂಗತಿಯನ್ನು ನಾನು ಅಲ್ಲಿ, ಮೀನಿನ ವಾಸನೆಯ ನಡುವೆ, ಮತ್ತೊಮ್ಮೆ ಕಂಡೆ. ಪೆಟ್ಟಿಗೆ ಇಲ್ಲದಾಗ ಪೆಟ್ಟಿಗೆ ಇದೆ ಎಂದು ಊರು ನಂಬಿತು, ಊರು ನಂಬಿದ ಮೇಲೆ ಪೆಟ್ಟಿಗೆ ಬಂತು. ಅಚ್ಚಾದದ್ದಕ್ಕೆ ತನ್ನನ್ನು ತಾನೇ ನಿಜ ಮಾಡಿಕೊಳ್ಳುವ ಒಂದು ಹಟವಿದೆ.

ಪತ್ರಿಕೆಯಲ್ಲಿ ತಪ್ಪಾದರೆ ಒಳಪುಟದಲ್ಲಿ ಸಣ್ಣ ಅಕ್ಷರದ ಎರಡು ಸಾಲು ಹಾಕುತ್ತೇವೆ. ಇಲ್ಲಿ ಹಾಗೆ ನಡೆಯುವಂತಿರಲಿಲ್ಲ. ಬೋರ್ಡು ಅಂದೇ ಇಳಿಯಿತು; ಈಗ ಅದು ಹಿತ್ತಿಲಲ್ಲಿ ಸೌದೆ ರಾಶಿಯ ಮೇಲೆ ಮಗುಚಿ ಬಿದ್ದಿದೆ. ಪೆಟ್ಟಿಗೆ ಬಂದ ಕಡೆಗೇ ಹೋಯಿತು. ಕಪ್ಪುಹಲಗೆ ಇಟ್ಟು ದಿನಾ ಸುಣ್ಣಕಡ್ಡಿಯಲ್ಲಿ ಬರೆಯಬಹುದು ಎಂದು ನಾನು ಸೂಚಿಸಿದೆ. "ಅವಳಿಗೆ ಬಾಯಿಲ್ವ?" ಎಂದು ಆಯಿ ಕೇಳಿದಳು. ರಸ್ತೆಯ ಅಂಚಿಗೆ ಈಗ ಇರುವುದು ನಾಗಕ್ಕ ಮೊದಲು ಕೇಳಿದ್ದೇ: ಅವಳ ಹೆಸರು, ಊಟ ಎಂಬ ಮಾತು, ಒಂದು ಬಾಣ.

ಆದರೆ ಬಿಟ್ಟು ಹೋದವರು ಬಾಣ ನೋಡಿ ಬರುವವರಲ್ಲ. ಮಾಸ್ತರರ ಮನೆಗೆ ಹೋಗಿ ತಪ್ಪು ನನ್ನದು ಎಂದು ಒಪ್ಪಿಕೊಂಡು ಬಂದೆ. ಅವರು "ನೋಡ್ವ" ಎಂದರು. ಮರುವಾರ ನಾವು ಹೋದಾಗ ಅವರು ಮೊಮ್ಮಗಳೊಂದಿಗೆ ಜಗಲಿಯ ಮೆಟ್ಟಿಲ ಹತ್ತಿರ ನಿಂತಿದ್ದರು, ಒಳಗೂ ಅಲ್ಲ, ಹೊರಗೂ ಅಲ್ಲ. ಆಟೋದವನೂ ಯಾರನ್ನೋ ಇಳಿಸುವ ನೆಪದಲ್ಲಿ ಬಂದಿದ್ದ. ಆಯಿ ನನ್ನ ಭುಜ ಹಿಡಿದು, ಮಂಡಿ ಎಳೆದುಕೊಂಡು, ಅರ್ಧ ಬಾಗಿಲಿಗೆ ಹೋದಳು. ಎಲ್ಲರಿಗೂ ಕೇಳುವಂತೆ ಕೇಳಿದಳು.

"ನಾಗವೇಣಿ, ಎಂತಾ ಬಂದದೆ?"

ನಾಗಕ್ಕ ಒಲೆ ಬಿಟ್ಟು ಬಾಗಿಲಿಗೆ ಬಂದಳು. ಅವಳಿಗೆ ಮೆಟ್ಟಿಲ ಹತ್ತಿರ ನಿಂತವರು ಕಾಣುತ್ತಿದ್ದರು. ಇಂಥ ದಿನವೇ ಹೀಗಾಗಬೇಕೆ ಎಂದು ನಾನು ಅಂದುಕೊಂಡೆ, ಏಕೆಂದರೆ ಹಿಂದಿನ ರಾತ್ರಿಯಿಂದ ಜೋರು ಗಾಳಿ.

"ಎಂತದೂ ಬರ್ಲಿಲ್ಲ ಆಯಿ" ಎಂದಳು. "ದೋಣಿನೇ ಹೋಗ್ಲಿಲ್ಲ. ಹೊಳೆ ಬಾಯಲ್ಲಿ ಹೆಂಗಸ್ರು ತೆಗೆದ ಬಳಚು ಅದೆ. ಅದೊಂದೇ."

ಆಯಿ ತಿರುಗಿ ಬಂದು ಬೆಂಚಿನ ಮೇಲೆ ಕೂತಳು. ಮಾಸ್ತರರು ಮೊಮ್ಮಗಳ ಕೈ ಸಡಿಲಿಸಿ ಪಕ್ಕದ ಮೇಜಿಗೆ ಕೂತರು. ಆಟೋದವನು ಎಂಜಿನ್ ಆರಿಸಿದ. ಮೀನೇ ಇಲ್ಲದ ಆ ಮಧ್ಯಾಹ್ನ ನಾಗಕ್ಕನ ಮೂರು ಮೇಜು ತುಂಬಿದವು. ಅನ್ನ, ತೆಂಗಿನತುರಿ ಹಾಕಿದ ಬಳಚಿನ ಸುಕ್ಕೆ, ಮೊದಲು ಒಂದೊಂದು ಬಟ್ಟಲು ಬಳಚು ಬಿಟ್ಟ ಬಿಸಿ ನೀರು, ಮೇಲೆ ಕಾಳುಮೆಣಸು. ಅರ್ಗಾದವರಿಗೆ ಏನು ಹೇಳಿದೆ ಎಂದು ಸುಮಿತ್ರಾ ಮೆಲ್ಲಗೆ ಕೇಳಿದಾಗ, "ಬೇರೆಯವ್ರನ್ನ ನೋಡ್ಕಳಿ ಅಂತ ನಾಳೆ ಹೇಳ್ತೆ" ಎಂದು ನಾಗಕ್ಕ ಅನ್ನದ ಪಾತ್ರೆ ತರಲು ಒಳಗೆ ಹೋದಳು.

ನಾನು ನನ್ನ ಹಳೆಯ ಮೇಜನ್ನು ನೆನೆಸಿಕೊಂಡೆ. ಸುದ್ದಿಯೇ ಇಲ್ಲದ ದಿನಗಳು ನಮಗೂ ಬರುತ್ತಿದ್ದವು. ಅಂಥ ರಾತ್ರಿಗಳಲ್ಲಿ ನಿನ್ನೆಯದನ್ನು ಬಿಸಿ ಮಾಡಿ, ಹೊಸ ತಲೆಬರಹದ ಒಗ್ಗರಣೆ ಕೊಟ್ಟು, ಮುಖಪುಟ ತುಂಬಿಸಿದ್ದೇವೆ. ಇವತ್ತು ಎಂತದೂ ಬರಲಿಲ್ಲ ಎಂದು ಒಂದು ದಿನವೂ ಅಚ್ಚು ಹಾಕಲಿಲ್ಲ. ಹಾಕಿದ್ದರೆ ಮರುದಿನದ ಪೇಪರನ್ನು ಜನ ಇನ್ನಷ್ಟು ನಂಬುತ್ತಿದ್ದರೋ ಏನೋ.

ಮೇಜಿನ ಮೇಲೆ ನನ್ನ ಬಟ್ಟಲು ಹಬೆಯಾಡುತ್ತಿತ್ತು. ಪಕ್ಕದಲ್ಲಿ ಚಮಚ ಇತ್ತು. ಈ ಸಲ ಆರಲು ಬಿಡದೆ, ಆಯಿಯಂತೆ, ಎರಡೂ ಕೈಯಲ್ಲಿ ಎತ್ತಿ ಕುಡಿದೆ.